ಹಸಿವಿನ ಹಿಂದಿನ ಜೀನುಗಳು

1997ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಒಂದೇ ಕುಟುಂಬದ ಇಬ್ಬರು ಮಕ್ಕಳ ವಿಚಾರವನ್ನು ಜಗತ್ತಿನ ಮುಂದಿಟ್ಟರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ. ಅವಳ ಸೋದರಸಂಬಂಧಿ, ಎರಡು ವರ್ಷದ ಮಗು, 29 ಕಿಲೋ. ಎಷ್ಟು ತಿಂದರೂ ಹಸಿವು ಹಿಂಗದು. ಕೊಬ್ಬಿನ ಕೋಶಗಳು ಮೆದುಳಿಗೆ ‘ಸಾಕು’ ಎಂದು ತಿಳಿಸುವುದು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ. ಜೀನಿನ ದೋಷದಿಂದಾಗಿ ಈ ಮಕ್ಕಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಲೆಪ್ಟಿನ್ ಚುಚ್ಚುಮದ್ದು ಶುರುವಾದ ಮೇಲೆ ಹುಡುಗಿ ಒಂದೇ ವರ್ಷದಲ್ಲಿ 16 ಕಿಲೋ ಇಳಿದಳು.

ಇಂಥ ದೋಷ ಬಲು ಅಪರೂಪ.

ಹೆಚ್ಚಿನ ಹದಿಹರೆಯದವರಲ್ಲಿ ನೂರಾರು ಜೀನುಗಳು ತೂಕದ ಮೇಲೆ ತಲಾ ಚೂರುಚೂರೇ ಪ್ರಭಾವ ಬೀರುತ್ತವೆ. ಬೊಜ್ಜಿನೊಂದಿಗೆ ನಂಟಿದೆ ಎಂದು 2007ರಲ್ಲಿ ಗೊತ್ತಾದ ಎಫ್‌ಟಿಒ ಅವುಗಳಲ್ಲಿ ಪ್ರಮುಖ. ಅದರ ಅಪಾಯದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ವಯಸ್ಕರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ, ಅಷ್ಟೇ. ಅದೂ ಹಣೆಬರಹವಲ್ಲ: ಯುರೋಪಿನ 752 ಹದಿಹರೆಯದವರ ಅಧ್ಯಯನದಲ್ಲಿ, ದಿನಕ್ಕೆ 60 ನಿಮಿಷ ಮೈದಣಿಸಿದವರಲ್ಲಿ ಈ ಜೀನಿನ ಪರಿಣಾಮ ಬಹಳ ಕುಗ್ಗಿತ್ತು.

ತೂಕದ ಹಿಂದೆ ಜೀನುಗಳ ಪಾತ್ರವೂ ಇರುವಾಗ, ದಪ್ಪಗಿರುವ ಹುಡುಗನನ್ನು ತರಗತಿಯಲ್ಲಿ ‘ಡುಮ್ಮ’ ಎಂದು ರೇಗಿಸುವುದು, ಮನೆಯಲ್ಲಿ ‘ಬಾಯಿ ಕಟ್ಟು’ ಎಂದು ಗದರುವುದು ಶುದ್ಧ ಅನ್ಯಾಯ. ಎಳವೆಯಲ್ಲೇ ತೂಕ ವಿಪರೀತ ಏರಿ, ಹಸಿವು ತಣಿಯದಿದ್ದರೆ ಮಗುವನ್ನು ಮಕ್ಕಳ ಹಾರ್ಮೋನು ತಜ್ಞರಿಗೆ ತೋರಿಸಬೇಕು. ಜೀನ್ ಪರೀಕ್ಷೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.