ಇತಿಹಾಸದ ಪಾಠಕ್ಕೆ ಊರಿನ ಶಾಸನ

ಇತಿಹಾಸವೆಂದರೆ ಇಸವಿಗಳನ್ನು ಬಾಯಿಪಾಠ ಮಾಡುವ ವಿಷಯ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಇಡೀ ರಾಜ್ಯಕ್ಕೆ ಬರೆದ ಪಠ್ಯಪುಸ್ತಕದಲ್ಲಿ ಪ್ರತಿಯೊಂದು ಊರಿಗೂ ಜಾಗ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ಶಿಕ್ಷಕರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮಾಸ್ತರರಿಗೆ ಪಾಠದ ಸಾಮಗ್ರಿ ಊರಿನ ಹತ್ತಿರವೇ ಇದೆ. ಅದನ್ನು ಓದುವ, ಮಕ್ಕಳಿಂದ ಓದಿಸುವ ತರಬೇತಿ ಬೇಕಾಗಿದೆ.

ಇಂಡಿ ಪಟ್ಟಣದ ಸಮೀಪದ ಸಾಲೋಟಗಿಯನ್ನೇ ನೋಡೋಣ. ಅಲ್ಲಿ ದೊರೆತ ಕ್ರಿ.ಶ. 945ರ ಶಾಸನವು ಒಂದು ಶಾಲೆಯ ಕಥೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯನ್ನು ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಉಳಿದುಕೊಳ್ಳಲು 27 ಮನೆಗಳಿದ್ದವು. ಅವರ ನಿರ್ವಹಣೆಗೆ 500 ನಿವರ್ತನ, ದೀಪದ ಎಣ್ಣೆಗೆ 12 ನಿವರ್ತನ, ಉಪಾಧ್ಯಾಯರಿಗೆ 50 ನಿವರ್ತನ ಭೂಮಿ ದತ್ತಿಯಾಗಿತ್ತು. ನಿವರ್ತನವೆಂದರೆ ಅಂದಿನ ಭೂಮಿಯ ಅಳತೆ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಂತಿಷ್ಟು ಕಾಣಿಕೆ, ಮುಂಜಿಗೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಸಲ್ಲಬೇಕಿತ್ತು. ಶಾಲೆ ಮತ್ತು ಪಾವಿಟ್ಟಗೆ ಎಂಬ ಮಾತುಗಳು ಕೂಡಿಯೇ ಸಾಲೋಟಗಿ ಆಯಿತೆಂದು ವಿದ್ವಾಂಸರು ಊಹಿಸಿದ್ದಾರೆ.

ಈ ಒಂದು ಕಲ್ಲಿನಿಂದ ಎಷ್ಟು ಪ್ರಶ್ನೆಗಳು ಹುಟ್ಟುತ್ತವೆ! ದೀಪಕ್ಕೆ ಪ್ರತ್ಯೇಕ ಭೂಮಿ ಏಕೆ? ಶಾಲೆಯ ಖರ್ಚನ್ನು ಅರಸನೊಬ್ಬನೇ ಹೊರುತ್ತಿದ್ದನೇ, ಊರವರೂ ಹೊರುತ್ತಿದ್ದರೇ? ಅಲ್ಲಿ ಕಲಿಯಲು ಯಾರಿಗೆ ಅವಕಾಶವಿತ್ತು, ಯಾರು ಹೊರಗುಳಿದರು? ಈಗಿನ ವಸತಿ ನಿಲಯದ ಹುಡುಗನಿಗೆ ಸಾವಿರ ವರ್ಷದ ಹಿಂದಿನ ವಿದ್ಯಾರ್ಥಿ ಇಲ್ಲಿ ಎದುರಾಗುತ್ತಾನೆ. ರಾಷ್ಟ್ರಕೂಟರ ಪಾಠ ಮರೆತರೂ ಇದು ಮರೆಯುವುದಿಲ್ಲ.

ಬಾಗೇವಾಡಿಯ ಮಕ್ಕಳಿಗೆ ಬಸವಣ್ಣನವರು ತಮ್ಮ ಊರಿನವರೆಂಬುದು ಗೊತ್ತು. ಅದು ಹೇಗೆ ಗೊತ್ತು ಎಂದು ಕೇಳಿದರೆ ಇತಿಹಾಸದ ಪಾಠ ಶುರುವಾಗುತ್ತದೆ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಕ್ರಿ.ಶ. 1260ರ ಶಾಸನ ಬಸವಣ್ಣನವರ ತಂದೆ ಮಾದಿರಾಜನನ್ನು ಬಾಗೇವಾಡಿಯೊಡನೆ ಹೆಸರಿಸುತ್ತದೆ. ಪುರಾಣದ ಮಾತನ್ನೂ ಕಲ್ಲಿನ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡುವುದನ್ನು ಮಕ್ಕಳು ಇಲ್ಲಿ ಕಲಿಯಬಹುದು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ ‘ಶಾಸನಗಳಲ್ಲಿ ಶಿವಶರಣರು’ ಗ್ರಂಥ ಇಂಥ ಕೆಲಸಕ್ಕೆ ಒಳ್ಳೆಯ ಕೈಪಿಡಿ.

ಮುದ್ದೇಬಿಹಾಳದ ಕಡೆ 1565ರ ಯುದ್ಧವಿದೆ. ಅದನ್ನು ತಾಳಿಕೋಟೆ ಯುದ್ಧವೆಂದು ಕರೆಯುವವರುಂಟು, ರಕ್ಕಸಗಿ-ತಂಗಡಗಿ ಯುದ್ಧವೆಂದು ಕರೆಯುವವರೂ ಉಂಟು. ಒಂದೇ ಕಾಳಗಕ್ಕೆ ಎರಡು ಹೆಸರು ಏಕೆ? ನಕಾಶೆಯ ಮೇಲೆ ಕೃಷ್ಣಾ ನದಿಯನ್ನೂ ಈ ಊರುಗಳನ್ನೂ ಗುರುತಿಸಿದರೆ ಚರ್ಚೆ ತಾನಾಗಿ ಬೆಳೆಯುತ್ತದೆ. ಯುದ್ಧದ ವಿವರ ಬರೆದ ಫಿರಿಸ್ತಾ, ದಶಕಗಳ ಬಳಿಕ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದವನು. ಬರೆದವನು ಯಾರ ಆಶ್ರಯದಲ್ಲಿದ್ದ ಎಂದು ವಿಚಾರಿಸುವುದೂ ಪಾಠದ ಭಾಗವೇ.

ಕಲ್ಲಿಗೆ ಬಾರದವರ ಬದುಕು ಹಾಡಿನಲ್ಲಿ ಉಳಿದಿದೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಆ ಬಳಗದ ಸಿಂಪಿ ಲಿಂಗಣ್ಣನವರು ಶಾಲಾ ಶಿಕ್ಷಕರು. ಮಾಸ್ತರರೇ ಸಂಶೋಧಕರಾಗಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ತೊಡಕೆಲ್ಲಿದೆ? ಈ ಜಿಲ್ಲೆಯ ಅನೇಕ ಶಾಸನಗಳ ಪಾಠ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಊರು, ತಾಲೂಕುಗಳ ಹೆಸರಿನೊಡನೆ ಅಚ್ಚಾಗಿದೆ. ಆದರೆ ಅವುಗಳ ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಶಾಸನದ ಭಾಷೆ ಹಳಗನ್ನಡ ಅಥವಾ ಸಂಸ್ಕೃತ. ತಿಳಿದವರ ನೆರವಿಲ್ಲದೆ ಅದು ತರಗತಿಗೆ ಇಳಿಯದು. 1986ರ ಶಿಕ್ಷಣ ನೀತಿಯ ಬಳಿಕ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. 2020ರ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯ ಅವಕಾಶವಿರಬೇಕೆಂದಿದೆ. ಅದರಲ್ಲಿ ನಾಲ್ಕಾರು ಗಂಟೆಗಳನ್ನು ಶಾಸನದ ಮುಂದೆ, ಬಲ್ಲವರ ಜೊತೆ ಕಳೆದರೂ ಸಾಕು. ತಾಲೂಕಿಗೊಂದರಂತೆ ಹತ್ತು ಶಾಸನಗಳ ಸರಳ ಕನ್ನಡ ಸಾರಾಂಶ, ಒಂದು ನಕಾಶೆ, ಕೆಲವು ಪ್ರಶ್ನೆಗಳಿರುವ ಪುಸ್ತಿಕೆ ಶಾಲೆಶಾಲೆಗೂ ಸಿಗಬೇಕು.

ಇದಕ್ಕೆ ಅವಸರವೂ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಬಯಲಿನಲ್ಲಿ ನಿಂತ ಶಾಸನ ಸುಣ್ಣಕ್ಕೆ, ಎಣ್ಣೆಗೆ, ರಸ್ತೆ ಕೆಲಸಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಕಾಯಿದೆಯೊಂದೇ ಅದನ್ನು ಕಾಯಲಾರದು. ತಮ್ಮೂರ ಕಲ್ಲಿನಲ್ಲಿ ಏನು ಬರೆದಿದೆ ಎಂದು ಬಲ್ಲ ಮಕ್ಕಳಿರುವ ಊರಿನಲ್ಲಿ ಅದನ್ನು ಒಡೆದು ಪಾಯಕ್ಕೆ ಹಾಕುವುದು ಅಷ್ಟು ಸುಲಭವಲ್ಲ.