ಎದೆ ಹಿಡಿದು ಹೊರಟ ಜಿಲ್ಲೆ

2025ರ ಜುಲೈ ಮೊದಲ ವಾರದಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸೇರುತ್ತಿದ್ದರು. ಸುತ್ತಲಿನ ಜಿಲ್ಲೆಗಳವರೆಲ್ಲ ಇದ್ದರು, ಹಾಸನದ ಕಡೆಯಿಂದ ರಾತ್ರಿಯೇ ಹೊರಟು ಬಂದವರೂ ಇದ್ದರು. ಚೀಟಿ ಬರೆಸುವ ಕಿಟಕಿಯ ಮುಂದೆ ನಿಂತವರಲ್ಲಿ ಎಷ್ಟೋ ಮಂದಿಗೆ ಎದೆನೋವು ಇರಲಿಲ್ಲ, ಉಸಿರು ಕಟ್ಟಿರಲಿಲ್ಲ. ಅವರಿಗೆ ಇದ್ದದ್ದು ಹೆದರಿಕೆ. ‘ಒಂದ್ಸಲ ಇಸಿಜಿ ಮಾಡ್ಸಿ ನೋಡ್ಬುಡಾಣ’ ಎಂದು ಮನೆಯವರೆಲ್ಲ ಸೇರಿ ಹೊರಟು ಬಂದಿದ್ದರು. ನಿಜವಾಗಿ ಹೃದಯ ಕೈಕೊಟ್ಟ ರೋಗಿಗಳು ಇದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದಾರೆ, ಸುಮ್ಮಸುಮ್ಮನೆ ಬರಬೇಡಿ ಎಂದು ವೈದ್ಯರು ಬೇಡಿಕೊಳ್ಳಬೇಕಾಯಿತು.

ಈ ಹೆದರಿಕೆ ಹುಟ್ಟಿದ್ದು ಹೇಗೆ ಎಂಬುದನ್ನು ಹಿಂದಕ್ಕೆ ಹಿಡಿದು ಹೋದರೆ ಸಿಗುವುದು ಒಂದು ಪಟ್ಟಿ. ಅದನ್ನು ಮೊದಲು ಬರೆದವರು ಯಾರು ಎಂದು ಹೇಳುವುದು ಕಷ್ಟ. ಮೇ ಕೊನೆಯಿಂದ ಹಾಸನ ಜಿಲ್ಲೆಯ ಅಲ್ಲಲ್ಲಿ ಹರೆಯದವರು, ನಡುವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡ ಸುದ್ದಿಗಳು ಬಂದವು. ಬಿಡಿಬಿಡಿಯಾಗಿದ್ದಾಗ ಅವು ಒಳಪುಟದ ಸುದ್ದಿ. ಯಾರೋ ಒಬ್ಬರು ಅವನ್ನು ಒಂದರ ಕೆಳಗೊಂದು ಜೋಡಿಸಿ ಕ್ರಮಸಂಖ್ಯೆ ಹಾಕಿದ ಮೇಲೆ ಅದರ ಗುಣವೇ ಬೇರೆಯಾಯಿತು. ಟಿ.ವಿ.ಯ ಅಡಿಪಟ್ಟಿಯಲ್ಲಿ ‘ಹಾಸನದಲ್ಲಿ ಮತ್ತೊಂದು ಬಲಿ’ ಎಂದು ಓಡತೊಡಗಿತು. ನಲವತ್ತು ದಿನಗಳಲ್ಲಿ ಸಂಖ್ಯೆ ಇಪ್ಪತ್ತು ದಾಟಿತು. ಕ್ರಮಸಂಖ್ಯೆಗೆ ಒಂದು ಹಸಿವಿರುತ್ತದೆ. ಹದಿನೆಂಟು ಆದ ಮೇಲೆ ಹತ್ತೊಂಬತ್ತನ್ನು ಹುಡುಕುವವರು ಹುಟ್ಟಿಕೊಳ್ಳುತ್ತಾರೆ. ಜಿಲ್ಲೆಯಲ್ಲಿ ಯಾರು ಹಠಾತ್ತನೆ ತೀರಿಕೊಂಡರೂ ಪಟ್ಟಿಗೆ ಸೇರಿಸುವ ಅವಸರ ಶುರುವಾಯಿತು.

ಇಲ್ಲಿ ನಮ್ಮ ಹಳ್ಳಿಗಾಡಿನ ಒಂದು ಸಂಗತಿಯನ್ನು ನೆನೆಯಬೇಕು. ಮನೆಯಲ್ಲೋ ತೋಟದಲ್ಲೋ ಸತ್ತವರ ಕಾರಣವನ್ನು ಇಲ್ಲಿ ತೀರ್ಮಾನಿಸುವವರು ಸಾಮಾನ್ಯವಾಗಿ ಡಾಕ್ಟರಲ್ಲ, ಜಗಲಿಯ ಮೇಲೆ ಕೂತ ನೆಂಟರು. ‘ಎದೆ ಹಿಡ್ಕಂಡ್ರಂತೆ, ಹಂಗೇ ಹೋಗ್ಬುಟ್ರಂತೆ’ ಎನ್ನುವಲ್ಲಿಗೆ ವಿಚಾರಣೆ ಮುಗಿಯುತ್ತದೆ. ಮರಣೋತ್ತರ ಪರೀಕ್ಷೆ ಎಂದರೆ ದೇಹ ಕುಯ್ಯುತ್ತಾರೆ ಎಂಬ ಸಂಕಟ, ಮಣ್ಣು ತಡವಾಗುತ್ತದೆ ಎಂಬ ಆತಂಕ. ಹಾಗಾಗಿ ‘ಹಾರ್ಟ್ ಅಟ್ಯಾಕ್’ ಎಂಬುದು ಕಾರಣ ಗೊತ್ತಿಲ್ಲದ ಎಲ್ಲ ಸಾವಿಗೂ ಹೊದಿಸುವ ಮರ್ಯಾದೆಯ ಹೆಸರಾಗಿಬಿಟ್ಟಿದೆ. ಪಟ್ಟಿ ಬೆಳೆಸಿದವರು ಈ ಜಗಲಿಯ ಮಾತನ್ನೇ ಎತ್ತಿಕೊಂಡರು.

ಹಾಗೆಂದು ಹೆದರಿದವರನ್ನು ಮೂಢರೆಂದು ನಗುವುದು ತಪ್ಪು. 2021ರ ಅಕ್ಟೋಬರ್ 29ರಂದು ನಲವತ್ತಾರರ ಪುನೀತ್ ರಾಜ್‌ಕುಮಾರ್ ಹೋದದ್ದನ್ನು ಕಂಡ ನಾಡು ಇದು. ಆಗಲೂ ಹೃದಯದ ಆಸ್ಪತ್ರೆಗಳು ಹೀಗೇ ತುಂಬಿದ್ದವು. ಅಷ್ಟು ಗಟ್ಟಿಮುಟ್ಟಾದ ಮನುಷ್ಯನೇ ಹೋದಮೇಲೆ ನಾವೆಷ್ಟರವರು ಎಂಬ ಮಾತು ಅಂದಿನಿಂದ ಮನೆಮನೆಯಲ್ಲಿ ಕೂತಿದೆ. ಇನ್ನು ಜಯದೇವ ಎಂಬ ಹೆಸರಂತೂ ಹಾಸನದವರಿಗೆ ಹೊರಗಿನದ್ದಲ್ಲ. ಆ ಸಂಸ್ಥೆಯನ್ನು ವರ್ಷಾನುಗಟ್ಟಲೆ ನಿರ್ದೇಶಕರಾಗಿ ಬೆಳೆಸಿದ ಡಾ. ಸಿ.ಎನ್. ಮಂಜುನಾಥ್ ಚನ್ನರಾಯಪಟ್ಟಣ ತಾಲ್ಲೂಕಿನವರೇ. ‘ನಮ್ಮೋರ ಆಸ್ಪತ್ರೆ’ ಎಂಬ ಸಲುಗೆಯೂ ಆ ಸಾಲಿನಲ್ಲಿ ಸ್ವಲ್ಪ ಇತ್ತು.

ಜುಲೈ 1ಕ್ಕೆ ಪಟ್ಟಿ ವಿಧಾನಸೌಧ ತಲುಪಿತು. ಹಾಸನ ಒಂದರಲ್ಲೇ ತಿಂಗಳೊಪ್ಪತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತಿದ್ದಾರೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬರೆದರು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಹತ್ತು ದಿನಗಳ ಗಡುವು ಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಿತ್ತು. ಆತುರದಲ್ಲಿ ಕೊಟ್ಟ ಕೋವಿಡ್ ಲಸಿಕೆಯೂ ಕಾರಣವಿರಬಹುದು ಎಂಬ ಮಾತನ್ನೂ ಸೇರಿಸಿದರು. ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಹೇಳಿತು. 2023ರಲ್ಲಿ 19 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಅದರಲ್ಲೊಂದು. ಆದರೆ ಯಾವ ಮಾತು ಮುಂದೆ ಓಡಿತು, ಯಾವುದು ಕುಂಟುತ್ತಾ ಹಿಂದೆ ಬಂತು ಎಂಬುದನ್ನು ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿರುವ ಯಾರಿಗೂ ವಿವರಿಸಬೇಕಿಲ್ಲ.

ಆ ದಿನಗಳಲ್ಲಿ ಫೋನಿಗೆ ಬಂದು ಬಿದ್ದ ಮದ್ದುಗಳೂ ಕಡಿಮೆಯಲ್ಲ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ರಕ್ತನಾಳದ ಅಡಚಣೆ ಕರಗುತ್ತದೆ ಎಂಬುದೊಂದು. ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮುತ್ತಿರಿ, ಬದುಕುತ್ತೀರಿ ಎಂಬುದು ಇನ್ನೊಂದು. ಈ ಕೆಮ್ಮಿನ ಸಂದೇಶಕ್ಕೆ ಒಳ್ಳೆಯ ವಯಸ್ಸಾಗಿದೆ. 1999ರಲ್ಲೇ ಇಮೇಲಿನಲ್ಲಿ ಜಗತ್ತು ಸುತ್ತುತ್ತಿತ್ತು. ಜನಸಾಮಾನ್ಯರಿಗೆ ಇದನ್ನು ಕಲಿಸಬಾರದು ಎಂದು ಅಮೆರಿಕದ ಹೃದ್ರೋಗ ಸಂಘ ಹೇಳುತ್ತಲೇ ಬಂದಿದೆ. ಕೆಮ್ಮುತ್ತಾ ಕೂತವನು ಆಸ್ಪತ್ರೆಗೆ ಹೋಗುವ ಮೊದಲ ಗಂಟೆಯನ್ನು ಕಳೆದುಕೊಳ್ಳುತ್ತಾನೆ. ಅದೇ ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಓಡಿದರೆ, ಪುನೀತ್ ಹೆಸರಿನಲ್ಲೇ ನಡೆಯುವ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಇದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಾಣೆ.

ವದಂತಿ ನಮಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಪರಿಚಿತರ ದನಿಯಲ್ಲಿ ಕರೆಯುವ ದೆವ್ವವೊಂದು ಊರೂರು ತಿರುಗುತ್ತಿದೆ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು ನಾವು. ಅದಕ್ಕೆ ಖರ್ಚಾದದ್ದು ಒಂದು ಚೂರು ಸೀಮೆಸುಣ್ಣ. 2018ರ ಹೊತ್ತಿಗೆ ವದಂತಿ ಜೀವವನ್ನೇ ಕೇಳತೊಡಗಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ನಂಬಿ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಸೇರಿ ಅಮಾಯಕರನ್ನು ಬಡಿದು ಕೊಂದರು. ದೇಶದ ಬೇರೆ ಕಡೆಯೂ ಇಂಥವೇ ಆದವು. ಆ ಜುಲೈನಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು. ತುಂಬ ಕೈ ದಾಟಿ ಬಂದ ಸಂದೇಶದ ನೆತ್ತಿಯಲ್ಲಿ ಈಗ ಕಾಣುವ ಜೋಡಿ ಬಾಣ ಬಂದದ್ದು ಅದರ ಮರುವರ್ಷ. ಹಾಸನದ ಪಟ್ಟಿಯೂ ಆ ಬಾಣ ಹೊತ್ತೇ ಬಂತು. ಬಾಣವನ್ನು ಎಚ್ಚರಿಕೆ ಎಂದು ಓದುವ ಬದಲು, ಇಷ್ಟು ಜನ ಕಳಿಸಿದ್ದಾರೆಂದರೆ ನಿಜವೇ ಇರಬೇಕು ಎಂದು ಓದಿಕೊಂಡವರೇ ಹೆಚ್ಚು.

ರವೀಂದ್ರನಾಥ್ ಸಮಿತಿಯ ವರದಿ 2025ರ ಜುಲೈ ಎರಡನೇ ವಾರ ಹೊರಬಂತು. ಅವರು ಪರಿಶೀಲಿಸಿದ ಸಾವುಗಳು 24. ಹೃದಯಕ್ಕೆ ಸಂಬಂಧಿಸಿದವು 20. ಅದರಲ್ಲೂ ಖಚಿತ ದಾಖಲೆ ಇದ್ದದ್ದು 10ಕ್ಕೆ, ಇನ್ನು 10 ಇರಬಹುದು ಎಂಬ ಅಂದಾಜಿನವು. ಹಿಂದಿಗಿಂತ ಏರಿಕೆಯಾದ ಲಕ್ಷಣ ಕಾಣಲಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಸಿಗರೇಟು, ಕುಡಿತ, ಮನೆತನದಲ್ಲಿ ಬಂದ ಹೃದ್ರೋಗ ಇವೇ ಹಳೆಯ ಆರೋಪಿಗಳು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ಕಣ್ಣಿಗೆ ಬೀಳುವಷ್ಟಿತ್ತು. ಇದಲ್ಲದೆ, ಏಪ್ರಿಲ್–ಮೇನಲ್ಲಿ ಜಯದೇವಕ್ಕೆ ಬಂದ 45ರೊಳಗಿನ 251 ರೋಗಿಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ ಲಸಿಕೆಗೂ ಹೃದಯಾಘಾತಕ್ಕೂ ನಂಟು ಸಿಗಲಿಲ್ಲ.

ನನ್ನ ಕಣ್ಣು ನಿಂತದ್ದು ಉಳಿದ ನಾಲ್ಕರ ಮೇಲೆ. ಒಂದು ಮೂತ್ರಪಿಂಡದ ಕಾಯಿಲೆ. ಒಂದು ವಾಂತಿಭೇದಿ. ಒಂದು ವಿದ್ಯುತ್ ಆಘಾತವಿರಬಹುದೆಂಬ ಶಂಕೆ. ಮತ್ತೊಂದು ರಸ್ತೆ ಅಪಘಾತ. ರಸ್ತೆಯಲ್ಲಿ ಸತ್ತವರೊಬ್ಬರು ಹೃದಯಾಘಾತದ ಪಟ್ಟಿಯಲ್ಲಿ ವಾರಗಟ್ಟಲೆ ಇದ್ದರು. ಆ ಪಟ್ಟಿ ಓದಿ ಹೆದರಿದವರು ಎದ್ದು ಹೊರಟದ್ದು ರಸ್ತೆಗೆ.

ಆ ರಸ್ತೆಯನ್ನೇ ಸ್ವಲ್ಪ ನೋಡೋಣ. ಹಾಸನದಿಂದ ಹೊಳೆನರಸೀಪುರದ ಮೇಲೆ ಮೈಸೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಜಯದೇವದ ಸಾಲಿಗೆ ಏಳು ತಿಂಗಳು ಮೊದಲು, 2024ರ ಡಿಸೆಂಬರ್ 1ರಂದು, ಹಾಸನ ಸಮೀಪದ ಕಿತ್ತಾನೆ ಬಳಿ ಪೊಲೀಸ್ ವಾಹನದ ಟೈರ್ ಸಿಡಿದು ಹರ್ಷ್ ಬರ್ಧನ್ ಎಂಬ ಎಳೆಯ ಐಪಿಎಸ್ ಅಧಿಕಾರಿ ತೀರಿಕೊಂಡರು. ಮೈಸೂರಿನಲ್ಲಿ ತರಬೇತಿ ಮುಗಿಸಿ ಕೆಲಸಕ್ಕೆ ಸೇರಲು ಬರುತ್ತಿದ್ದರು. ಸಾಲು ಕರಗಿ ಎರಡು ತಿಂಗಳಾದ ಮೇಲೆ, 2025ರ ಸೆಪ್ಟೆಂಬರ್ 12ರ ರಾತ್ರಿ, ಅದೇ ಹಾಸನ–ಹೊಳೆನರಸೀಪುರ ಹೆದ್ದಾರಿಯ ಮೊಸಳೆಹೊಸಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಕನಿಷ್ಠ ಒಂಬತ್ತು ಮಂದಿ ಹೋದರು, ಅವರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗರಿದ್ದರು. ಅದಕ್ಕೂ ಹಿಂದೆ, 2022ರ ಅಕ್ಟೋಬರಿನಲ್ಲಿ, ಜಿಲ್ಲೆಯ ಇನ್ನೊಂದು ರಸ್ತೆಯಲ್ಲಿ, ಧರ್ಮಸ್ಥಳ ಮುಗಿಸಿ ಹಾಸನಾಂಬೆಯ ದರ್ಶನ ಮಾಡಿಕೊಂಡು ಮರಳುತ್ತಿದ್ದ ಟೆಂಪೊ ಟ್ರಾವೆಲರ್ ಅರಸೀಕೆರೆ ತಾಲ್ಲೂಕಿನಲ್ಲಿ ಬಸ್ಸಿಗೂ ಹಾಲಿನ ಟ್ಯಾಂಕರಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗಿ ಒಂಬತ್ತು ಜೀವ ಹೋಗಿತ್ತು.

ಇವು ಒಮ್ಮೆಗೇ ಹಲವರು ಸತ್ತದ್ದರಿಂದಲೋ ಸತ್ತವರು ಅಧಿಕಾರಿಯಾಗಿದ್ದರಿಂದಲೋ ನೆನಪಿನಲ್ಲಿ ಉಳಿದವು. ಒಬ್ಬೊಬ್ಬರಾಗಿ ಹೋದವರಿಗೆ ಕ್ರಮಸಂಖ್ಯೆ ಹಾಕಿದವರಿಲ್ಲ. 2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702. ದಿನಕ್ಕೆ ಮೂವತ್ತೆರಡು. 31 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ದಿನಕ್ಕೊಬ್ಬರು. ಇದು ಬರೀ ಸರಾಸರಿ, ಹಾಸನದ ಲೆಕ್ಕವಲ್ಲ. ಆದರೂ ನಲವತ್ತು ದಿನಕ್ಕೆ ನಲವತ್ತಾಯಿತು. ಇಡೀ ದೇಶವನ್ನೇ ನಡುಗಿಸಿದ ಪಟ್ಟಿಯಲ್ಲಿ ಇದ್ದದ್ದು ಅದರ ಅರ್ಧದ ಆಸುಪಾಸು. ಅದೇ ವರ್ಷ ದೇಶದಲ್ಲಿ ರಸ್ತೆಯಲ್ಲಿ ಸತ್ತ 1,68,491 ಮಂದಿಯಲ್ಲಿ 50,029 ಜನ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂಬದಿಯವರು. ವಿಚಿತ್ರವೆಂದರೆ ರಸ್ತೆಯ ಸಾವಿನ ಲೆಕ್ಕದಲ್ಲಿ ಜಗಲಿಯ ಊಹೆ ಇಲ್ಲ. ಜಾಗ, ಹೊತ್ತು, ವಾಹನದ ನಂಬರು, ಎಫ್‌ಐಆರ್, ಮರಣೋತ್ತರ ಪರೀಕ್ಷೆ ಎಲ್ಲವೂ ಠಾಣೆಯಲ್ಲಿದೆ. ಹೃದಯದ ಪಟ್ಟಿಗೆ ಇಲ್ಲದ ಪುರಾವೆಯೆಲ್ಲ ಇದಕ್ಕಿದೆ. ಆದರೂ ಹಾಲಿನ ಡೇರಿಗೆ ಹೋಗುವಾಗ ಹೆಲ್ಮೆಟ್ ಯಾಕೆ, ಇಲ್ಲೇ ತಾನೆ ಎನ್ನುತ್ತೇವೆ.

ಸೆಪ್ಟೆಂಬರ್ 12ಕ್ಕೆ ಇನ್ನೊಂದು ಗುರುತೂ ಇದೆ. ಬಾಕಿ ಉಳಿದ ಸಂಚಾರ ದಂಡಕ್ಕೆ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತ್ತು. ಆಗಸ್ಟ್ 23ಕ್ಕೆ ಶುರುವಾಗಿ ಮೊಸಳೆಹೊಸಳ್ಳಿಯ ದುರಂತದ ದಿನವೇ ಮುಗಿಯಿತು. ಒಂದಕ್ಕೊಂದು ಸಂಬಂಧವಿಲ್ಲ, ದಿನಾಂಕ ಕೂಡಿಕೊಂಡದ್ದಷ್ಟೆ. ಆದರೆ ದಂಡದ ಹೆದರಿಕೆ ಯಾವ ಮಟ್ಟದ್ದು ಎಂಬುದನ್ನು ಆನ್‌ಲೈನ್ ಕಳ್ಳರು ನಮಗಿಂತ ಚೆನ್ನಾಗಿ ಅಳೆದಿದ್ದಾರೆ. ‘ನಿಮ್ಮ ವಾಹನದ ಮೇಲೆ ಚಲನ್ ಬಿದ್ದಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ, ಜೊತೆಗೊಂದು ಎಪಿಕೆ ಕಡತ. ಒತ್ತಿದರೆ ಆ್ಯಪ್ ಒಂದು ಕೂರುತ್ತದೆ. ಎಸ್‌ಎಂಎಸ್ ಓದಲು ಒಪ್ಪಿಗೆ ಕೇಳುತ್ತದೆ. ಕೊಟ್ಟಿರೋ, ಬ್ಯಾಂಕಿನಿಂದ ಬರುವ ಒಟಿಪಿಯನ್ನು ನೀವು ನೋಡುವ ಮೊದಲೇ ಅವರು ನೋಡುತ್ತಾರೆ. ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವುದೂ ಇದರ ತಮ್ಮನೇ. ಹೆಲ್ಮೆಟ್ ಹಾಕದಿದ್ದರೆ ಕರ್ನಾಟಕದಲ್ಲಿ ಐನೂರು ರೂಪಾಯಿ ದಂಡ. ಆ ಐನೂರಕ್ಕೆ ಹೆದರಿ ಖಾತೆಯನ್ನೇ ಬಿಟ್ಟುಕೊಟ್ಟವರು ಕಡಿಮೆಯಿಲ್ಲ. ಅಸಲಿ ಚಲನ್ನು ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರು ಹಾಕಿದರೆ ಕಾಣುತ್ತದೆ. ಪೊಲೀಸರು ಯಾವ ಆ್ಯಪನ್ನೂ ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಿಲ್ಲ.

ಈ ಕಳ್ಳರಿಗೂ ಆ ಪಟ್ಟಿಗೂ ಇರುವ ಹೋಲಿಕೆ ಒಂದೇ, ಆತುರ. ‘ಈಗಲೇ’ ಎಂದವರನ್ನು ನಾವು ನಂಬಿಬಿಡುತ್ತೇವೆ. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಬೆದರಿಸಿ ಹಣ ಕೀಳುವ ಡಿಜಿಟಲ್ ಅರೆಸ್ಟ್ ಎಂಬ ಮೋಸದ ಬಗ್ಗೆ ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಮಾತಾಡಿದಾಗ ಕೇಳಿಸಿದ ಧ್ವನಿಮುದ್ರಣ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದು. ಆತುರ ಬೇಕಾದದ್ದು ದುಡ್ಡು ಹೋದ ಮೇಲೆ. 2021ರಲ್ಲಿ 155260 ಎಂದು ಶುರುವಾಗಿ ಆಮೇಲೆ 1930 ಆದ ಸಹಾಯವಾಣಿಗೆ ಕೂಡಲೇ ಹೇಳಿದರೆ, ಹಣ ಬಾಡಿಗೆ ಖಾತೆಗಳಲ್ಲಿ ಕೈಯಿಂದ ಕೈಗೆ ದಾಟಿ ಹೋಗುವ ಮೊದಲು ಬ್ಯಾಂಕುಗಳು ತಡೆಹಿಡಿಯಬಲ್ಲವು. ಮಾನ ಹೋಗುತ್ತದೆಂದು ಎರಡು ದಿನ ಸುಮ್ಮನಿದ್ದು ಸೈಬರ್ ಅಪರಾಧ ನೋಡುವ ಹಾಸನದ ಸಿಇಎನ್ ಠಾಣೆಗೆ ಹೋದರೆ ದೂರಿನ ಪ್ರತಿ ಸಿಗುತ್ತದೆ, ಹಣ ಸಿಗುವುದು ಕಷ್ಟ.

ಹಾಸನದ ಪಟ್ಟಿಯಿಂದ ಒಂದು ಒಳ್ಳೆಯದೂ ಆಯಿತು ಎನ್ನಬೇಕು. ಹಠಾತ್ ಸಾವುಗಳನ್ನು ಅಧಿಸೂಚಿತ ಪ್ರಕರಣಗಳೆಂದು ದಾಖಲಿಸುವುದಾಗಿ, ಆಸ್ಪತ್ರೆಯ ಹೊರಗೆ ಹಠಾತ್ತನೆ ಸತ್ತವರ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಇದು ನಿಜವಾಗಿ ಜಾರಿಗೆ ಬಂದರೆ ಮುಂದಿನ ಪಟ್ಟಿಯನ್ನು ಜಗಲಿಯವರು ಬರೆಯಲಾರರು. ಅರಕಲಗೂಡಿನ ಹಳ್ಳಿಯೊಂದರಲ್ಲಿ ಹೆಣ ಮುಂದಿಟ್ಟುಕೊಂಡು ಕೂತ ಮನೆಯವರನ್ನು ಇದಕ್ಕೆ ಒಪ್ಪಿಸುವ ಕೆಲಸ ಮಾತ್ರ ಆಶಾ ಕಾರ್ಯಕರ್ತೆಯ ತಲೆಗೇ ಬರುತ್ತದೆ, ಅದಕ್ಕೆ ಯಾವ ಸಮಿತಿಯೂ ಇನ್ನೂ ದಾರಿ ಹೇಳಿಲ್ಲ.