ರೇಡಿಯೋದಲ್ಲಿ ಬೇಸ್ ಎಲ್ಲಿ ಹೋಯಿತು?



ಟಿ. ನಗರದ ನಮ್ಮ ಕೇಳುಗರೊಬ್ಬರು ಒಂದು ಭಾವಗೀತೆಗೆ ತಾವೇ ರಾಗ ಹಾಕಿ, ಮನೆಯ ಕಂಪ್ಯೂಟರಿನಲ್ಲೇ ಮಿಕ್ಸ್ ಮಾಡಿ ಕಳಿಸಿದ್ದರು. ಪ್ರಸಾರವಾದ ಮೇಲೆ ಫೋನ್ ಬಂತು: "ಹೆಡ್‌ಫೋನಿನಲ್ಲಿ ಅಷ್ಟು ಚೆನ್ನಾಗಿದ್ದ ಬೇಸ್ ಗಿಟಾರ್ ರೇಡಿಯೋದಲ್ಲಿ ಕೇಳಲೇ ಇಲ್ಲ. ನೀವೇನಾದರೂ ಕತ್ತರಿಸಿದಿರಾ ಸಾರ್?" ಇಲ್ಲ ಸ್ವಾಮಿ, ನಾವು ಮುಟ್ಟಿಲ್ಲ! ನಿಮ್ಮಲ್ಲಿ ಹಲವರು ಹೀಗೆ ಹಾಡು ಕಳಿಸುತ್ತೀರಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಜ್. ಅಂಗೈಯಗಲದ ರೇಡಿಯೋಗಾಗಲಿ ಮೊಬೈಲಿಗಾಗಲಿ ಅಷ್ಟು ಕೆಳಗಿನ ನಾದ ಹೊರಡಿಸುವ ಶಕ್ತಿಯಿಲ್ಲ. ಆಗ ಎಲ್ಲರೂ ಮಾಡುವುದು ಈಕ್ವಲೈಸರಿನಲ್ಲಿ ತಳವನ್ನು ಏರಿಸುವುದು. ಸ್ಪೀಕರ್ ಗಡಗಡ ಎನ್ನುತ್ತದೆ, ಗಾಯಕಿಯ ದನಿ ಮುಳುಗುತ್ತದೆ, ಬೇಸ್ ಮಾತ್ರ ಬರುವುದಿಲ್ಲ.

ಡಿಸೆಂಬರ್ ಕಛೇರಿಗೆ ವಾಣಿ ಮಹಲಿಗೆ ಹೋದಾಗ ತಂಬೂರಿಯನ್ನು ಗಮನಿಸಿ. ಮಂದ್ರ ಷಡ್ಜದ ತಂತಿ ಮೀಟಿದರೆ, ಯಾರೂ ಮೀಟದ ಗಾಂಧಾರವೂ ತೇಲಿ ಬರುತ್ತದೆ. ಅದು ಮೂಲ ಕಂಪನದ ಐದು ಪಟ್ಟಿನ ಸ್ವರ. ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ಸಣ್ಣ ನೂಲಿನೆಳೆ ಇಂಥ ಮೇಲಿನ ಸ್ವರಗಳನ್ನು ಎಬ್ಬಿಸುತ್ತದೆ. ಸ್ಯಾಚುರೇಶನ್, ಡಿಸ್ಟಾರ್ಷನ್ ಪ್ಲಗಿನ್‌ಗಳು ಬೇಸಿಗೆ ಹಾಕುವ ನೂಲಿನೆಳೆ ಎನ್ನಿ! 41ರ ಜೊತೆಗೆ 82, 123, 164 ಹೀಗೆ ಮೇಲಿನ ಪಟ್ಟುಗಳು ಗಟ್ಟಿಯಾಗುತ್ತವೆ. ಪುಟ್ಟ ಸ್ಪೀಕರ್ ಅವುಗಳಲ್ಲಿ ಮೇಲಿನವನ್ನಷ್ಟೇ ಕೊಟ್ಟರೂ ಸಾಕು, ಕೆಳಗಿನ ಷಡ್ಜವನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ.

ಮಾಡುವ ಬಗೆ ಹೀಗೆ. ಬೇಸ್ ಟ್ರ್ಯಾಕಿನ ಎರಡು ಪ್ರತಿ ಇಟ್ಟುಕೊಳ್ಳಿ. ಒಂದರಲ್ಲಿ ಸುಮಾರು 200 ಹರ್ಟ್ಜ್‌ಗಿಂತ ಮೇಲಿನದನ್ನು ಫಿಲ್ಟರಿನಿಂದ ತೆಗೆದು, ಏರಿಳಿತ ಸಮನಾಗಲು ಕಂಪ್ರೆಸರ್ ಹಾಕಿ. ಇನ್ನೊಂದರಲ್ಲಿ ಅದಕ್ಕಿಂತ ಕೆಳಗಿನದನ್ನು ಮೊದಲು ತೆಗೆದು, ಆಮೇಲೆ ಡಿಸ್ಟಾರ್ಷನ್ ಹಾಕಿ. ಈ ಕ್ರಮ ತಪ್ಪಿದರೆ ತಳವೆಲ್ಲ ಕೆಸರು. ಎರಡನೆಯದನ್ನು ಒಂಟಿಯಾಗಿ ಕೇಳಿದರೆ ತಗಡು ಕೆರೆದಂತಿರುತ್ತದೆ, ಹೆದರಬೇಡಿ. ಹಾಡಿನ ಜೊತೆ ಕೇಳುತ್ತಾ, ಬೇಸ್ ಹೆಜ್ಜೆ ತಿಳಿಯುವಷ್ಟು ಮಾತ್ರ ಬೆರೆಸಿ. ಎರಡೂ ಸೇರಿದಾಗ ದನಿ ತೆಳುವಾಯಿತೆ? ಒಂದರ ಫೇಸ್ ಗುಂಡಿ ತಿರುಗಿಸಿ ನೋಡಿ.

ಕೋರಸ್ ಪ್ಲಗಿನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎರಡು ಕಿವಿಗೆ ಹರಡಿದ ಅಂದ, ಒಂದೇ ಸ್ಪೀಕರಿನ ರೇಡಿಯೋಗೆ ಬಂದಾಗ ತನ್ನನ್ನು ತಾನೇ ಅಳಿಸಿಕೊಳ್ಳಬಹುದು.

ಅಂದಹಾಗೆ, 1983ರ 'ಪಲ್ಲವಿ ಅನುಪಲ್ಲವಿ' ಹಾಡುಗಳನ್ನು ಕೇಳಿ. ಆಗ ಯಾವ ಪ್ಲಗಿನ್ನೂ ಇರಲಿಲ್ಲ. ಇಳಯರಾಜಾ ಅವರ ಬೇಸ್ ಷಡ್ಜ ಹಿಡಿದು ಸುಮ್ಮನೆ ಕೂರದೆ, ಮೇಲೆ ಕೆಳಗೆ ಓಡಾಡಿ ಹಾಡಿಗೆ ಎದುರುತ್ತರ ಕೊಡುತ್ತದೆ. ಆ ಓಡಾಟ ಇಲ್ಲದ ಬೇಸಿಗೆ ಎಷ್ಟು ಪ್ಲಗಿನ್ ಸುರಿದರೂ ಅಷ್ಟೇ.

ಮುಂದಿನ ಹಾಡು ಕಳಿಸುವ ಮುನ್ನ ಅದನ್ನು ಅಡುಗೆಮನೆಯಲ್ಲಿ, ಕುಕ್ಕರ್ ಕೂಗುತ್ತಿರುವಾಗ, ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಹಾಕಿ ಕೇಳಿ. ನಮ್ಮ ಕೇಳುಗರು ಹೆಚ್ಚಿನವರು ಇರುವುದು ಅಲ್ಲೇ!